ಅದೇ ಟಗರು, ಅದೇ ಹಿಂಡು: ರಕ್ತ ಬದಲಾಗಬೇಕು ಯಾಕೆ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲದ ಪತ್ರಗಳು ಕುರಿ, ಹಸು, ಜೇನು, ನಾಯಿ, ಹುಲಿ ಎಂದು ಬೇರೆ ಬೇರೆ ಪ್ರಾಣಿಗಳ ಬಗ್ಗೆ ಇದ್ದರೂ ಕೇಳಿರುವುದು ಹೆಚ್ಚುಕಡಿಮೆ ಒಂದೇ ಮಾತು: ಹತ್ತಿರದ ರಕ್ತಸಂಬಂಧದಲ್ಲೇ ಸಂತಾನ ಮುಂದುವರಿದರೆ ಏನಾಗುತ್ತದೆ, ತಡೆಯುವುದು ಹೇಗೆ? ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಕೊಟ್ಟಿದ್ದೇವೆ.

ನಲವತ್ತು ಕುರಿಗಳಿವೆ. ನಾಲ್ಕು ವರ್ಷದಿಂದ ಒಂದೇ ಟಗರು, ನೋಡಲು ಗಟ್ಟಿಮುಟ್ಟಾಗಿದೆ. ಆದರೆ ಎರಡು ವರ್ಷದಿಂದ ಮರಿಗಳು ಸಣ್ಣಗೆ ಹುಟ್ಟುತ್ತಿವೆ, ಹುಟ್ಟಿದ ವಾರದೊಳಗೆ ಸಾಯುವುದು ಹೆಚ್ಚಾಗಿದೆ. ಎರಡು ಮರಿಗಳಿಗೆ ಕೆಳದವಡೆ ಗಿಡ್ಡವಿತ್ತು. ಮೇವು ಮೊದಲಿನ ಹಾಗೇ ಇದೆ. ದೋಷ ಎಲ್ಲಿದೆ?
– ಕುರಿ ಸಾಕಣೆದಾರರು, ಶಿರಾ ತಾಲ್ಲೂಕು

ಟಗರು ಗಟ್ಟಿಯಾಗಿರುವುದೇ ಇಲ್ಲಿ ದಾರಿ ತಪ್ಪಿಸುವ ಸಂಗತಿ. ಅದು ಹಿಂಡಿಗೆ ಬಂದ ಐದು ತಿಂಗಳಿಗೆ ಮೊದಲ ಮರಿಗಳು ಬಿದ್ದವು. ಅವುಗಳಲ್ಲಿ ಉಳಿಸಿಕೊಂಡ ಹೆಣ್ಣುಮರಿಗಳು ವರ್ಷ ತುಂಬುವ ಹೊತ್ತಿಗೆ ಬೆದೆಗೆ ಬಂದವು. ಟಗರು ಅದೇ ಇದ್ದುದರಿಂದ ಅಪ್ಪನಿಂದಲೇ ಗಬ್ಬವಾದವು. ಎರಡನೇ ವರ್ಷದ ಕೊನೆಗೆ ಆ ಮರಿಗಳು ಹುಟ್ಟತೊಡಗಿದವು; ನೀವು ತೊಂದರೆ ಶುರುವಾಯಿತು ಎನ್ನುವುದೂ ಆಗಲೇ. ಈಗ ನಾಲ್ಕನೇ ವರ್ಷದಲ್ಲಿ ಮೊಮ್ಮಗಳೂ ಅದೇ ಟಗರಿಗೆ ಸಿಗುತ್ತಿದ್ದಾಳೆ.

ಇದರಿಂದ ಏನು ಕೆಡುತ್ತದೆ? ಕುರಿಯಂಥ ಪ್ರಾಣಿಗಳಲ್ಲಿ ಒಂದೊಂದು ವಂಶವಾಹಿಗೆ ಎರಡು ಪ್ರತಿ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಪ್ರತಿ ಕೆಟ್ಟಿದ್ದರೂ ಸಾಮಾನ್ಯವಾಗಿ ಇನ್ನೊಂದು ಕೆಲಸ ಸಾಗಿಸುತ್ತದೆ, ಪ್ರಾಣಿ ಆರೋಗ್ಯವಾಗಿಯೇ ಕಾಣುತ್ತದೆ. ಇಂಥ ಅಡಗಿದ ದೋಷ ಒಂದಷ್ಟು ಇಲ್ಲದ ಪ್ರಾಣಿಯೇ ಇಲ್ಲ. ನಿಮ್ಮ ಟಗರಿನಲ್ಲಿ ಅಂಥದ್ದೊಂದು ಇದೆ ಎಂದಿಟ್ಟುಕೊಳ್ಳಿ. ಅದರ 16 ಹೆಣ್ಣುಮರಿಗಳಲ್ಲಿ ಸರಾಸರಿ 8ಕ್ಕೆ ಆ ಕೆಟ್ಟ ಪ್ರತಿ ಹೋಗುತ್ತದೆ. ಆ 8 ಹೆಣ್ಣುಗಳು ಅಪ್ಪನಿಂದಲೇ ಒಂದೊಂದು ಮರಿ ಹಾಕಿದರೆ ಅದರಲ್ಲಿ 2 ಮರಿಗೆ ಎರಡೂ ಕಡೆಯಿಂದ ಕೆಟ್ಟದ್ದೇ ಬರುತ್ತದೆ. ಹದಿನಾರು ಮರಿಗೆ ಎರಡು ಹೋಯಿತು. ಆ ದೋಷವಿಲ್ಲದ ಹೊರಗಿನ ಟಗರು ಬಿಟ್ಟಿದ್ದರೆ ಹದಿನಾರರಲ್ಲಿ ಒಂದೂ ಹೋಗುತ್ತಿರಲಿಲ್ಲ. ಇದು ಒಂದು ದೋಷದ ಲೆಕ್ಕ, ಅಡಗಿರುವುದು ಹಲವು.

ಅಪ್ಪ–ಮಗಳು ಅಥವಾ ಒಡಹುಟ್ಟಿದವು ಕೂಡಿದರೆ ಮರಿಯ ವಂಶವಾಹಿ ಜೋಡಿಗಳಲ್ಲಿ ಸರಾಸರಿ ಶೇ 25 ಒಂದೇ ಮೂಲದ ನಕಲುಗಳಾಗುತ್ತವೆ. ಅಪ್ಪ ಒಂದು, ತಾಯಿ ಬೇರೆ ಎಂಬ ಅಣ್ಣ–ತಂಗಿಯಾದರೆ ಶೇ 12.5. ಅಪ್ಪ–ಮಗಳಿಗೆ ಹುಟ್ಟಿದ ಹೆಣ್ಣು ಮತ್ತೆ ಅದೇ ಟಗರಿಗೆ ಹೋದರೆ ಶೇ 37.5. ಮೊದಲ ಪೆಟ್ಟು ಬೀಳುವುದು ಗಬ್ಬ ನಿಲ್ಲುವುದರ ಮೇಲೆ, ಮರಿಯ ಹುಟ್ಟುತೂಕದ ಮೇಲೆ, ಮೊದಲ ವಾರಗಳಲ್ಲಿ ಬದುಕುಳಿಯುವುದರ ಮೇಲೆ. ಬಣ್ಣ, ಕೊಂಬು, ಮೈಕಟ್ಟು ಹಾಗೇ ಇರುತ್ತದೆ. ಹಾಗಾಗಿ ಹಿಂಡು ಸೊರಗುತ್ತಿರುವುದು ಕಣ್ಣಿಗೆ ತಡವಾಗಿ ಬೀಳುತ್ತದೆ.

ರಕ್ತದ ದೃಷ್ಟಿಯಿಂದ ಹಿಂಡು ನಿಜಕ್ಕೂ ಎಷ್ಟು ದೊಡ್ಡದು ಎಂದು ತಿಳಿಯಲು ಇನ್ನೊಂದು ಲೆಕ್ಕವೂ ಇದೆ. ಗಂಡಿನ ಸಂಖ್ಯೆ, ಹೆಣ್ಣಿನ ಸಂಖ್ಯೆ ಎರಡನ್ನೂ ಗುಣಿಸಿ, ಅದನ್ನು 4ರಿಂದ ಗುಣಿಸಿ, ಬಂದದ್ದನ್ನು ಗಂಡು–ಹೆಣ್ಣಿನ ಮೊತ್ತದಿಂದ ಭಾಗಿಸಿ. ಒಂದು ಟಗರು, 40 ಕುರಿ ಎಂದರೆ 160 ಭಾಗಿಸು 41, ಅಂದರೆ 3.9. ಹಟ್ಟಿಯಲ್ಲಿ 41 ತಲೆ ಇದ್ದರೂ ರಕ್ತದ ಲೆಕ್ಕದಲ್ಲಿ ಅದು ನಾಲ್ಕು ಪ್ರಾಣಿಯ ಹಿಂಡು! ಹೊರಗಿನಿಂದ ಏನೂ ತರದಿದ್ದರೆ ಪ್ರತಿ ತಲೆಮಾರಿಗೆ ಸುಮಾರು ಶೇ 13ರಷ್ಟು ವೈವಿಧ್ಯ ಸೋರಿಹೋಗುತ್ತದೆ. ಅದೇ 40 ಕುರಿಗೆ 4 ಟಗರು ಇದ್ದರೆ ಲೆಕ್ಕ 14.5ಕ್ಕೆ ಏರುತ್ತದೆ, ಸೋರಿಕೆ ಶೇ 3.4ಕ್ಕೆ ಇಳಿಯುತ್ತದೆ. ಹೆಣ್ಣಿನ ಸಂಖ್ಯೆ ಎಷ್ಟೇ ಏರಿಸಿ, ಗಂಡು ಒಂದೇ ಆದರೆ ಉತ್ತರ 4 ದಾಟುವುದೇ ಇಲ್ಲ.

ಆದರೆ ಎಲ್ಲವನ್ನೂ ಟಗರಿನ ತಲೆಗೆ ಕಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ಸತ್ತ, ಸೊರಗಿದ ಮರಿಗಳ ತಾಯಂದಿರನ್ನು ಎರಡು ಗುಂಪು ಮಾಡಿ: ನೀವು ಹೊರಗಿನಿಂದ ಕೊಂಡು ತಂದವು, ಈ ಟಗರಿಗೇ ಹುಟ್ಟಿದವು. ತೊಂದರೆ ಎರಡನೇ ಗುಂಪಿನಲ್ಲೇ ಹೆಚ್ಚಿದ್ದರೆ ಕಾರಣ ರಕ್ತಸಂಬಂಧ. ಎರಡೂ ಗುಂಪಿನಲ್ಲಿ ಸಮನಾಗಿದ್ದರೆ, ಅದರಲ್ಲೂ ಗಬ್ಬದ ಕೊನೆಯ ಎರಡು ತಿಂಗಳಲ್ಲಿ ಕಂದು ಹಾಕುತ್ತಿದ್ದರೆ (ಗರ್ಭಪಾತವಾಗುತ್ತಿದ್ದರೆ), ಬ್ರುಸೆಲ್ಲೋಸಿಸ್‌ನಂಥ ಸೋಂಕನ್ನು ಶಂಕಿಸಿ ರಕ್ತಪರೀಕ್ಷೆ ಮಾಡಿಸಿ. ಅದು ಮನುಷ್ಯರಿಗೂ ಅಂಟುವ ರೋಗ. ಬಿದ್ದ ಕಂದನ್ನು, ಸತ್ತೆಯನ್ನು (ಮಾಸನ್ನು) ಬರಿಗೈಯಲ್ಲಿ ಮುಟ್ಟಬೇಡಿ. ಮರಿಗಳು ಹಿಂಗಾಲು ಎಳೆಯುತ್ತಿದ್ದರೆ ತಾಮ್ರದ ಕೊರತೆಯೂ ಇರಬಹುದು.

ಈ ಟಗರನ್ನು ಇನ್ನೊಬ್ಬರಿಗೆ ಬೀಜಕ್ಕೆಂದು ಕೊಡಬೇಡಿ. ಸಾಮಾನ್ಯವಾಗಿ ಎರಡು ವರ್ಷ ದುಡಿದ ಟಗರು ಬೇರೆ ಹಿಂಡಿಗೆ ಹೋದರೆ ಏನೂ ತಪ್ಪಿಲ್ಲ. ಆದರೆ ದವಡೆ ಗಿಡ್ಡವಾದ ಮರಿಗಳು ಇದಕ್ಕೆ ಹುಟ್ಟಿವೆ ಎಂದರೆ ಆ ದೋಷ ಇದರಲ್ಲಿ ಅಡಗಿರುವ ಸಾಧ್ಯತೆ ದೊಡ್ಡದು. ಮಾಂಸಕ್ಕೆ ಮಾರಿ. ಆ ಮರಿಗಳ ತಾಯಂದಿರಿಗೆ ಹುಟ್ಟಿದ ಗಂಡುಗಳನ್ನೂ ಬೀಜಕ್ಕೆ ಇಟ್ಟುಕೊಳ್ಳಬೇಡಿ.

ಹೊಸ ಟಗರು ತರುವಾಗ ಏನು ನೋಡಬೇಕು? ಪ್ರತಿ ಸಲ ದುಡ್ಡು ಕೊಟ್ಟು ತರುವುದು ಸಣ್ಣವರಿಗೆ ಆಗುವ ಮಾತೇ?
– ಸಂಘದ ಸದಸ್ಯರು, ಹಿರಿಯೂರು

ಸಂತೆಯಲ್ಲಿ ತಂದ ಮಾತ್ರಕ್ಕೆ ರಕ್ತ ಬೇರೆ ಎನ್ನುವಂತಿಲ್ಲ. ಮಾರುವವರ ಹಿಂಡಿನ ಟಗರು ಎಲ್ಲಿಂದ ಬಂದದ್ದು ಎಂದು ಕೇಳಿ. ಅವರದೂ ನಿಮ್ಮದೂ ಒಂದೇ ಹಿಂಡಿನಿಂದ ಬಂದಿದ್ದರೆ ನೀವು ತರುತ್ತಿರುವುದು ದಾಯಾದಿಯನ್ನೇ. ಸಾಧ್ಯವಾದರೆ ಹಟ್ಟಿಗೇ ಹೋಗಿ ತಾಯಿಯನ್ನೂ, ಅದರ ಬೇರೆ ಮರಿಗಳನ್ನೂ ನೋಡಿ. ಬಾಯಿ ತೆರೆದು, ಕೆಳಗಿನ ಹಲ್ಲು ಮೇಲಿನ ವಸಡಿನ ದಿಂಡಿಗೆ ಸರಿಯಾಗಿ ಕೂರುತ್ತದೆಯೇ ನೋಡಿ. ಬೀಜಗಳೆರಡೂ ಚೀಲಕ್ಕೆ ಇಳಿದಿರಬೇಕು, ಸಮವಾಗಿ ಗಟ್ಟಿಯಾಗಿರಬೇಕು. ಒಂದು ಮೇಲೇ ಉಳಿದಿದ್ದರೆ ಆ ಟಗರು ಬೇಡವೇ ಬೇಡ. ಹೊಕ್ಕುಳಲ್ಲಿ ಗಂಟು ಇದ್ದರೂ ಬೇಡ. ಎರಡು ಹಲ್ಲು ಹಾಕಿದ ವಯಸ್ಸು ಒಳ್ಳೆಯದು.

ತಂದ ಮೇಲೆ 3 ವಾರ ಬೇರೆ ಕಟ್ಟಿ. ಜಂತುನಾಶಕ ಕೊಡಿಸಿ, ಪಿಪಿಆರ್ (ಕುರಿ–ಮೇಕೆಗಳಿಗೆ ಬರುವ ಮಾರಕ ವೈರಾಣು ರೋಗ) ಲಸಿಕೆ ಆಗಿಲ್ಲದಿದ್ದರೆ ಹಾಕಿಸಿ, ಬ್ರುಸೆಲ್ಲಾ ಪರೀಕ್ಷೆ ಮಾಡಿಸಿ, ಗೊರಸು ನೋಡಿ. ಟಗರಿನಲ್ಲಿ ವೀರ್ಯಾಣು ಹುಟ್ಟಿ ಬಲಿಯಲು ಏಳು ವಾರ ಹಿಡಿಯುತ್ತದೆ. ಪ್ರಯಾಣದಲ್ಲಿ ಬಳಲಿದ, ಜ್ವರ ಬಂದ ಟಗರು ತಕ್ಷಣ ಹಾರಿದರೂ ಗಬ್ಬ ನಿಲ್ಲದೆ ಹೋಗುವುದು ಇದಕ್ಕೇ. ಆದ್ದರಿಂದ ಬೆದೆ ಕಾಲಕ್ಕೆ ಎರಡು ತಿಂಗಳು ಮುಂಚೆ ತಂದು, ದಿನಕ್ಕೆ 300–400 ಗ್ರಾಂ ಕೈತಿಂಡಿ ಕೊಟ್ಟು ಸಿದ್ಧಮಾಡಿ. ಎಳೆ ಟಗರಿಗೆ 20–25 ಕುರಿ, ಬಲಿತದ್ದಕ್ಕೆ 30–40 ಸಾಕು.

ದುಡ್ಡಿನ ಪ್ರಶ್ನೆಗೆ ಸರದಿ ಪದ್ಧತಿ ಒಳ್ಳೆಯ ದಾರಿ. ನಾಲ್ಕು ಹಿಂಡಿನವರು ಸೇರಿ. ಮೊದಲ ಹಿಂಡಿನಲ್ಲಿ ಹುಟ್ಟಿದ ಆಯ್ದ ಟಗರುಮರಿ ಎರಡನೆಯದಕ್ಕೆ, ಎರಡನೆಯದರದು ಮೂರಕ್ಕೆ, ಮೂರರದು ನಾಲ್ಕಕ್ಕೆ, ನಾಲ್ಕರದು ಒಂದಕ್ಕೆ. ಹೆಣ್ಣುಮರಿಗಳು ಹುಟ್ಟಿದಲ್ಲೇ ಉಳಿಯಲಿ. 18ರಿಂದ 24 ತಿಂಗಳಿಗೊಮ್ಮೆ ಹೀಗೆ ಒಂದೇ ದಿಕ್ಕಿನಲ್ಲಿ ಸಾಗಲಿ. ಇಬ್ಬರೇ ಹಿಂದಕ್ಕೂ ಮುಂದಕ್ಕೂ ಬದಲಿಸಿಕೊಂಡರೆ ಎರಡು ಸುತ್ತಿನಲ್ಲಿ ಎರಡೂ ಹಿಂಡಿನ ರಕ್ತ ಒಂದಾಗುತ್ತದೆ. ಸರದಿ ಕೆಡುವುದು ಸಾಮಾನ್ಯವಾಗಿ ಒಬ್ಬರ ಟಗರು ಸತ್ತಾಗ: ಅವಸರಕ್ಕೆ ಪಕ್ಕದ ಹಟ್ಟಿಯಿಂದ ತರುತ್ತಾರೆ, ಅದು ತಪ್ಪು ದಿಕ್ಕಿನದ್ದಾಗಿರುತ್ತದೆ. ಪ್ರತಿ ಹಿಂಡಿನವರೂ ಎರಡೆರಡು ಮರಿ ಆಯ್ದಿಟ್ಟುಕೊಂಡರೆ ಈ ತೊಂದರೆ ಇಲ್ಲ. ಸರದಿಯಲ್ಲೂ ಮೂರು ವಾರದ ಪ್ರತ್ಯೇಕವಾಸ ತಪ್ಪಿಸಬೇಡಿ. ರಕ್ತದ ಜೊತೆ ರೋಗವೂ ಸುತ್ತು ಹೊಡೆಯುತ್ತದೆ.

ಟಗರು ಬದಲಿಸಿಯೂ ಸೋಲುವುದು ಇನ್ನೊಂದು ಕಡೆ. ಹಿಂಡಿನಲ್ಲೇ ಬಿಟ್ಟ ಗಂಡುಮರಿಗಳು ಐದಾರು ತಿಂಗಳಿಗೇ ತಾಯಿಯನ್ನೂ ತಂಗಿಯನ್ನೂ ಹಾರುತ್ತವೆ. ನಾಲ್ಕು ತಿಂಗಳೊಳಗೆ ಬೇರ್ಪಡಿಸಿ ಅಥವಾ ಬೀಜ ಒಡೆಸಿ. ಬೇರ್ಪಡಿಸಲು ಜಾಗವಿಲ್ಲದಿದ್ದರೆ ಕುರಿಗಾಹಿಗಳು ಹೊಟ್ಟೆಗೆ ಬಟ್ಟೆ ಕಟ್ಟುವ ಪದ್ಧತಿಯೂ ಆಗುತ್ತದೆ, ಬಟ್ಟೆ ಸಡಿಲಾಗದಂತೆ ದಿನಾ ನೋಡಬೇಕು.

ನಮ್ಮದು ಬಂಡೂರು ಕುರಿ. ರಕ್ತ ಬದಲಿಸಲು ಬೇರೆ ತಳಿಯ ಎತ್ತರದ ಟಗರು ತರಬಹುದೇ?
– ಮಳವಳ್ಳಿ

ಬೇಡ. ರಕ್ತ ಬದಲಿಸುವುದು ಬೇರೆ, ತಳಿ ಬೆರೆಸುವುದು ಬೇರೆ. ಮಿಶ್ರ ಮರಿ ಮೊದಲ ತಲೆಮಾರಿನಲ್ಲಿ ಚುರುಕಾಗಿ ಬೆಳೆಯುತ್ತದೆ ನಿಜ. ಮಾಂಸಕ್ಕೆ ಮಾತ್ರ ಎಂದಾದರೆ ಅದಕ್ಕೂ ಒಂದು ಲೆಕ್ಕವಿದೆ. ಆದರೆ ಆ ಹೆಣ್ಣುಗಳನ್ನು ಹಿಂಡಿಗೆ ಉಳಿಸಿಕೊಂಡರೆ ಬಂಡೂರಿನ ಗಿಡ್ಡ ಕಾಲು, ತುಂಬಿದ ತೊಡೆ, ಆ ಮಾಂಸದ ರುಚಿ ಎರಡು ಮೂರು ತಲೆಮಾರಿಗೆ ಚದುರಿಹೋಗುತ್ತದೆ, ಮತ್ತೆ ಕೂಡಿಸಲು ಆಗುವುದಿಲ್ಲ. ನಿಮಗೆ ಬೇಕಿರುವುದು ಬಂಡೂರು ತಳಿಯದೇ, ಆದರೆ ಬೇರೆ ಊರಿನ, ಬೇರೆ ಹಿಂಡಿನ ಟಗರು. ಒಂದು ತಳಿ ಉಳಿಯಬೇಕಾದರೆ ಮೇಲೆ ಹೇಳಿದ ಲೆಕ್ಕದ ಉತ್ತರ ಕನಿಷ್ಠ 50 ಇರಬೇಕು ಎಂಬುದು ತಳಿ ಸಂರಕ್ಷಣೆಯಲ್ಲಿ ಒಪ್ಪಿತ ಅಳತೆ. ನೂರು ಹೆಣ್ಣಿಗೆ ಸಂಬಂಧವಿಲ್ಲದ 15 ಗಂಡು ಇದ್ದರೆ ಅದು ಸಿಗುತ್ತದೆ. ಶುದ್ಧ ಬಂಡೂರು ಸಾಕುವವರೇ ಕಡಿಮೆಯಾಗುತ್ತಿರುವಾಗ ನಿಮ್ಮ ಹಿಂಡಿನ ಒಂದೊಂದು ಹೆಣ್ಣೂ ಬೆಲೆಯುಳ್ಳದ್ದು.

ಲಸಿಕೆ ತಪ್ಪದೆ ಹಾಕಿಸುತ್ತೇವೆ. ಹಾಗಿದ್ದೂ ಆನುವಂಶಿಕ ವೈವಿಧ್ಯದ ಚಿಂತೆ ಬೇಕೇ?
– ರಾಣೆಬೆನ್ನೂರು

ಬೇಕು. ದೇಹ ರೋಗಾಣುವನ್ನು ಗುರುತು ಹಿಡಿಯುವುದಕ್ಕೇ ಒಂದು ಗುಂಪು ವಂಶವಾಹಿಗಳಿವೆ. ತಾಯಿಯಿಂದ ಒಂದು ಬಗೆ, ತಂದೆಯಿಂದ ಇನ್ನೊಂದು ಬಗೆ ಬಂದ ಪ್ರಾಣಿ ಹೆಚ್ಚು ಬಗೆಯ ರೋಗಾಣುಗಳನ್ನು ಗುರುತಿಸಬಲ್ಲದು. ಹಿಂಡಿನಲ್ಲಿ ಎಲ್ಲಕ್ಕೂ ಒಂದೇ ಬಗೆ ಇದ್ದರೆ ಒಂದನ್ನು ಕೆಡವಿದ ರೋಗ ಎಲ್ಲವನ್ನೂ ಕೆಡವುತ್ತದೆ. ಲಸಿಕೆಗೆ ದೇಹ ಎಷ್ಟು ಚೆನ್ನಾಗಿ ಸ್ಪಂದಿಸುತ್ತದೆ ಎಂಬುದರಲ್ಲೂ ಇವುಗಳ ಪಾತ್ರವಿದೆ.

ಚೀತಾ ಇದಕ್ಕೆ ಕಣ್ಣಮುಂದಿನ ಉದಾಹರಣೆ. ರಕ್ತಸಂಬಂಧವಿಲ್ಲದ ಚೀತಾಗಳ ನಡುವೆ ಚರ್ಮದ ಕಸಿ ಮಾಡಿದಾಗ ದೇಹ ಅದನ್ನು ತನ್ನದೇ ಎಂಬಂತೆ ಒಪ್ಪಿಕೊಂಡಿತು, ಅಷ್ಟು ಏಕರೂಪ. 1982–83ರಲ್ಲಿ ಅಮೆರಿಕದ ಆರೆಗಾನ್‌ನ ಪ್ರಾಣಿಧಾಮವೊಂದಕ್ಕೆ ಕೊರೊನಾ ಗುಂಪಿನ ವೈರಾಣು ಹೊಕ್ಕಾಗ ಅಲ್ಲಿದ್ದ ಚೀತಾಗಳಲ್ಲಿ ಸುಮಾರು ಶೇ 60 ಸತ್ತವು.

ಹಾಗೆಂದು ವೈವಿಧ್ಯ ಇದೆ ಎಂದು ಲಸಿಕೆ ಬಿಡುವ ಹಾಗೂ ಇಲ್ಲ.

ನಮ್ಮ ಹಸುಗಳಿಗೆ ಕೃತಕ ಗರ್ಭಧಾರಣೆಯೇ. ಊರಿನ ಹೋರಿ ಇಲ್ಲವೆಂದ ಮೇಲೆ ಈ ತೊಂದರೆ ಇಲ್ಲ ಅಲ್ಲವೇ?
– ಹಾಲು ಉತ್ಪಾದಕರು, ಚನ್ನರಾಯಪಟ್ಟಣ

ತೊಂದರೆ ಮರೆಯಾಗಿರುತ್ತದೆ, ಅಷ್ಟೇ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿಟ್ಟ ವೀರ್ಯ ಹತ್ತಾರು ವರ್ಷ ಕೆಡುವುದಿಲ್ಲ. ಹೋರಿ ಸತ್ತು ಎಷ್ಟೋ ವರ್ಷವಾದ ಮೇಲೂ ಅದರ ವೀರ್ಯ ತುಂಬಿದ ಕಡ್ಡಿ ಅದರ ಮಗಳಿಗೆ, ಮೊಮ್ಮಗಳಿಗೆ ಬೀಳಬಹುದು.

ತಡೆಯುವುದು ಸುಲಭ. 0.25 ಮಿ.ಲೀ.ನ ಆ ಸಣ್ಣ ಕಡ್ಡಿಯ ಮೇಲೆ ತಳಿ, ಹೋರಿಯ ಸಂಖ್ಯೆ, ಕೇಂದ್ರ, ತಾರೀಖು ಅಚ್ಚಾಗಿರುತ್ತವೆ. ಹಾಕಿದ ಮೇಲೆ ಎಸೆಯುವ ಮುಂಚೆ ಹೋರಿಯ ಸಂಖ್ಯೆಯನ್ನು ಹಸುವಿನ ಕಿವಿಯೋಲೆಯ 12 ಅಂಕಿಯ ಎದುರು ಬರೆದಿಟ್ಟುಕೊಳ್ಳಿ. ಆ ಹಸುವಿನ ಕರು ದೊಡ್ಡದಾಗಿ ಬೆದೆಗೆ ಬಂದಾಗ ‘ಈ ಸಂಖ್ಯೆಯ ಹೋರಿ ಬೇಡ’ ಎಂದು ಹೇಳಿದರೆ ಮುಗಿಯಿತು. ಅಪ್ಪನ ಸಂಖ್ಯೆ, ತಾಯಿಯ ಅಪ್ಪನ ಸಂಖ್ಯೆ, ಈ ಎರಡು ಗೊತ್ತಿದ್ದರೆ ದೊಡ್ಡ ಅಪಾಯ ತಪ್ಪುತ್ತದೆ.

ಇದು ಸಣ್ಣ ವಿಷಯವಲ್ಲ. 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪಾನೀ ಫಾರ್ಮ್ ಆರ್ಲಿಂಡಾ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿಗೆ 16,000 ಹೆಣ್ಣುಮಕ್ಕಳು. ಹಾಲು ಹೆಚ್ಚಿಸಿದ ಹೋರಿ ಎಂದು ಲೋಕವೆಲ್ಲ ಹೊಗಳಿತು. ಅದರಲ್ಲಿ ಒಂದು ವಂಶವಾಹಿಯ ಕೆಟ್ಟ ಪ್ರತಿ ಅಡಗಿತ್ತು. ಎರಡೂ ಕಡೆಯಿಂದ ಅದು ಬಂದ ಭ್ರೂಣ ಗರ್ಭದಲ್ಲೇ ಸಾಯುತ್ತದೆ. ಹೀಗೆ ಜಗತ್ತಿನಾದ್ಯಂತ ಸುಮಾರು 5 ಲಕ್ಷ ಗಬ್ಬ ಹೋಗಿವೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ರೈತರಿಗೆ ಕಂಡದ್ದು ‘ಗಬ್ಬ ನಿಲ್ಲುತ್ತಿಲ್ಲ’ ಎಂಬುದಷ್ಟೇ.

ಒಂದೇ ಬಲವಾದ ಜೇನು ಕುಟುಂಬವನ್ನು ಪಾಲು ಮಾಡುತ್ತಾ ಹನ್ನೆರಡು ತುಡುವೆ ಪೆಟ್ಟಿಗೆ ಮಾಡಿಕೊಂಡೆ. ಈಗ ಮರಿಗಳ ಎರಿಯಲ್ಲಿ (ಮೇಣದ ತಟ್ಟೆಯಲ್ಲಿ) ಅಲ್ಲಲ್ಲಿ ಖಾಲಿ ಕಣ್ಣು (ಕೋಣೆ), ಕುಟುಂಬ ಬೆಳೆಯುತ್ತಿಲ್ಲ. ರಾಣಿ ಹೊಸದೇ.
– ಶಿರಸಿ

ಜೇನಿನಲ್ಲಿ ರಕ್ತಸಂಬಂಧದ ಪೆಟ್ಟು ಕಣ್ಣಿಗೆ ಕಾಣುವಷ್ಟು ನೇರ. ಹೆಣ್ಣು ನೊಣ ಆಗಬೇಕಾದರೆ ಲಿಂಗ ನಿರ್ಧರಿಸುವ ವಂಶವಾಹಿಯ ಎರಡು ಪ್ರತಿಗಳು ಬೇರೆ ಬೇರೆ ಬಗೆಯವಾಗಿರಬೇಕು. ಫಲಿತ ಮೊಟ್ಟೆಯಲ್ಲಿ ಎರಡೂ ಒಂದೇ ಬಗೆಯಾದರೆ ಕೆಲಸಗಾರ ನೊಣ ಹುಟ್ಟಬೇಕಾದಲ್ಲಿ ಕೆಲಸಕ್ಕೆ ಬಾರದ ಗಂಡು ಹುಟ್ಟುತ್ತದೆ. ಆ ಮರಿಹುಳುವನ್ನು ಕೆಲಸಗಾರ ನೊಣಗಳೇ ಗುರುತಿಸಿ ತಿಂದುಹಾಕುತ್ತವೆ. ಉಳಿಯುವುದು ಖಾಲಿ ಕಣ್ಣು. ರಾಣಿಯ ಬಗೆಯೇ ಇರುವ ಗಂಡಿನಿಂದ ಬಂದ ಮೊಟ್ಟೆಗಳಲ್ಲಿ ಅರ್ಧಕ್ಕೆ ಅರ್ಧ ಹೀಗೆ ಹೋಗುತ್ತವೆ. ರಾಣಿ ಹತ್ತಕ್ಕೂ ಹೆಚ್ಚು ಗಂಡುಗಳ ಜೊತೆ ಕೂಡುವುದರಿಂದ, ಸುತ್ತ ಬೇರೆ ಬೇರೆ ಮೂಲದ ಗಂಡುಗಳಿದ್ದರೆ ನಷ್ಟ ಗೊತ್ತಾಗುವುದಿಲ್ಲ. ನಿಮ್ಮಲ್ಲಿ ಹಾರುತ್ತಿರುವ ಗಂಡುಗಳು ಬಹುಪಾಲು ಒಂದೇ ಮನೆತನದವು.

ಮುಚ್ಚಿದ ಮರಿಗಳಿರುವ ಎರಿಯಲ್ಲಿ ಉದ್ದ 10, ಅಗಲ 10 ಕಣ್ಣಿನ ಜಾಗ ಗುರುತಿಸಿ ಖಾಲಿ ಕಣ್ಣು ಎಣಿಸಿ. ಹತ್ತರೊಳಗಿದ್ದರೆ ಚಿಂತೆಯಿಲ್ಲ. ಇಪ್ಪತ್ತೈದು ದಾಟಿ, ಎರಡು ಮೂರು ಎರಿಯಲ್ಲೂ ಹಾಗೇ ಇದ್ದರೆ ರಾಣಿ ಬದಲಿಸಬೇಕು. ಆದರೆ ಕಣ್ಣೊಳಗೆ ಮರಿ ಸತ್ತು, ತಲೆ ಚೂಪಾಗಿ ಮೇಲೆದ್ದು, ಚಿಮುಟದಿಂದ ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಬಂದರೆ ಅದು ಥಾಯ್ ಸ್ಯಾಕ್‌ಬ್ರೂಡ್. 1991–92ರಲ್ಲಿ ಕರ್ನಾಟಕದ ತುಡುವೆ ಸಾಕಣೆಯ ಬಹುಭಾಗವನ್ನು ಅಳಿಸಿದ ರೋಗ ಅದು. ಅದಕ್ಕೆ ದಾರಿಯೇ ಬೇರೆ. ಆ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಹಾಕಲೇಬೇಡಿ.

ನಿಮ್ಮ ಹನ್ನೆರಡರಲ್ಲಿ ಕನಿಷ್ಠ ನಾಲ್ಕನ್ನಾದರೂ ದೂರದ, ಆದರೆ ಅದೇ ಮಲೆನಾಡಿನ ಬೇರೆ ಬೇರೆ ಕಡೆಯಿಂದ ಹಿಡಿದ ಅಥವಾ ಕೊಂಡ ಕುಟುಂಬಗಳಿಂದ ಬದಲಿಸಿ. ಒಳ್ಳೆಯ ಕುಟುಂಬದ ಗಂಡು ಮರಿಗಳ ಎರಿಯನ್ನು ವ್ಯರ್ಥವೆಂದು ಕತ್ತರಿಸಬೇಡಿ, ಮುಂದಿನ ರಾಣಿಗಳಿಗೆ ಬೇಕಾದದ್ದು ಅವೇ. ಹತ್ತಿರದ ಮರದ ಪೊಟರೆಯ ಕಾಡು ಕುಟುಂಬಗಳನ್ನೂ ಉಳಿಯಲು ಬಿಡಿ.

ಮುಧೋಳ ನಾಯಿಯ ಶುದ್ಧತೆ ಉಳಿಸಲು ಒಂದೇ ಸೂಲಿನ ಅಣ್ಣ–ತಂಗಿಯನ್ನು ಕೂಡಿಸಬೇಕು ಎನ್ನುತ್ತಾರೆ. ನಿಜವೇ?
– ಜಮಖಂಡಿ

ನಿಜವಲ್ಲ. ಅದೂ ಶೇ 25ರ ಸಂಬಂಧವೇ. ಮರಿಗಳ ಸಂಖ್ಯೆ ಇಳಿಯುತ್ತದೆ, ಬದುಕುಳಿಯುವುದು ಇಳಿಯುತ್ತದೆ. ಶುದ್ಧತೆ ಎಂದರೆ ತಾಯಿ–ತಂದೆ ಎರಡೂ ಮುಧೋಳ ತಳಿ ಆಗಿರುವುದು, ಒಂದೇ ಮನೆಯವಾಗಿರುವುದಲ್ಲ. ಹಿಂದಿನ ಮೂರು ತಲೆಮಾರಿನಲ್ಲಿ ಒಂದೇ ಹೆಸರು ಎರಡೂ ಕಡೆ ಬಾರದ ಜೋಡಿ ಹುಡುಕಿ. ಓಟದಲ್ಲಿ ಗೆದ್ದ ಒಂದೇ ಗಂಡಿಗೆ ಊರಿನ ಎಲ್ಲ ಹೆಣ್ಣುಗಳನ್ನೂ ಒಯ್ಯುವುದು ಇನ್ನೂ ದೊಡ್ಡ ತಪ್ಪು. ಐದು ವರ್ಷದಲ್ಲಿ ಹುಡುಕಿದರೂ ಸಂಬಂಧವಿಲ್ಲದ ಜೋಡಿ ಸಿಗದಂತಾಗುತ್ತದೆ. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ.

ನಮ್ಮ ರಾಜ್ಯದಲ್ಲಿ 563 ಹುಲಿಗಳಿವೆ ಎಂದು 2022ರ ಗಣತಿ ಹೇಳಿತು. ಅಷ್ಟಿದ್ದ ಮೇಲೂ ಕಾಡಿನಿಂದ ಕಾಡಿಗೆ ಪ್ರಾಣಿಗಳು ದಾಟುವ ಕಾರಿಡಾರ್‌ಗಾಗಿ ಯಾಕೆ ಜಗಳ?
– ವಿದ್ಯಾರ್ಥಿನಿ, ಗುಂಡ್ಲುಪೇಟೆ

ಸಂಖ್ಯೆ ಎಷ್ಟು ಎಂಬುದರಷ್ಟೇ, ಅವು ಒಂದನ್ನೊಂದು ತಲುಪಬಲ್ಲವೇ ಎಂಬುದೂ ಮುಖ್ಯ. ಒಡಿಶಾದ ಸಿಮಿಲಿಪಾಲದಲ್ಲಿ ಮೈಮೇಲಿನ ಪಟ್ಟೆಗಳು ಹರಡಿ ಕೂಡಿಕೊಂಡು ಕಪ್ಪಾಗಿ ಕಾಣುವ ಹುಲಿಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಕಾರಣ ತೋರಿಸಿತು: ಒಂದೇ ವಂಶವಾಹಿಯಲ್ಲಿನ ಒಂದು ಬದಲಾವಣೆ, ಅದರ ಎರಡೂ ಪ್ರತಿ ಸೇರಿದಾಗ ಈ ಬಣ್ಣ. ಬೇರೆಡೆ ಅತಿ ಅಪರೂಪವಾದದ್ದು ಅಲ್ಲಿ ಮೂರರಲ್ಲಿ ಒಂದಕ್ಕೂ ಹೆಚ್ಚು ಹುಲಿಗಳಲ್ಲಿ ಕಾಣುತ್ತದೆ. ಕಪ್ಪು ಬಣ್ಣ ರೋಗವಲ್ಲ. ಆದರೆ ಆ ಕಾಡಿಗೆ ಹೊರಗಿನ ಹುಲಿ ಬರದೆ ಬಹಳ ಕಾಲವಾಗಿದೆ, ಇರುವ ಹುಲಿಗಳೆಲ್ಲ ಕೆಲವೇ ಪೂರ್ವಜರ ಸಂತಾನ ಎಂಬುದನ್ನು ಅದು ಮೈಮೇಲೇ ಬರೆದು ತೋರಿಸುತ್ತಿದೆ. 2024ರಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಜೀನತ್ ಎಂಬ ಎರಡು ಹೆಣ್ಣುಹುಲಿಗಳನ್ನು ಅಲ್ಲಿಗೆ ಒಯ್ದದ್ದು ಅದಕ್ಕೇ. ಜೀನತ್ ಕಾಡು ಬಿಟ್ಟು ಜಾರ್ಖಂಡ್ ಹಾದು ಪಶ್ಚಿಮ ಬಂಗಾಳಕ್ಕೆ ನಡೆದುಹೋಯಿತು, ಡಿಸೆಂಬರ್ ಕೊನೆಯಲ್ಲಿ ಬಾಂಕುರಾ ಜಿಲ್ಲೆಯಲ್ಲಿ ಮತ್ತೆ ಹಿಡಿಯಬೇಕಾಯಿತು. ಹುಲಿಯನ್ನು ಹೊತ್ತು ತಂದು ಬಿಡುವುದು ಎಷ್ಟು ಕಷ್ಟ ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಅಮೆರಿಕದ ಫ್ಲಾರಿಡಾದಲ್ಲಿ ಹೀಗೆ ಹೊರಗಿನ ಪ್ರಾಣಿ ತಂದು ಬಿಡುವುದು ಫಲಿಸಿದೆ. ಅಲ್ಲಿನ ಪ್ಯಾಂಥರ್ (ಪ್ಯೂಮಾ ಜಾತಿಯ ಕಾಡುಬೆಕ್ಕು) 1990ರ ದಶಕದ ಆರಂಭಕ್ಕೆ ಇಪ್ಪತ್ತು ಮೂವತ್ತಕ್ಕೆ ಇಳಿದಿತ್ತು. ಬಾಲದ ತುದಿ ಮುರಿದಂತೆ ಸೊಟ್ಟ, ಗಂಡುಗಳಲ್ಲಿ ಇಳಿಯದ ಬೀಜ, ಹೃದಯದಲ್ಲಿ ತೂತು. 1995ರಲ್ಲಿ ಟೆಕ್ಸಾಸ್‌ನಿಂದ 8 ಹೆಣ್ಣುಗಳನ್ನು ತಂದರು. ಐದು ಮರಿ ಹಾಕಿದವು. ಆ ಮರಿಗಳಲ್ಲಿ ದೋಷ ಇಳಿಯಿತು, ಸಂಖ್ಯೆ ನೂರು ದಾಟಿತು.

ನಮ್ಮಲ್ಲಿ ಬಂಡೀಪುರ, ನಾಗರಹೊಳೆ, ಮುದುಮಲೈ, ವಯನಾಡು ಇನ್ನೂ ಒಂದಕ್ಕೊಂದು ತಾಗಿಕೊಂಡಿವೆ. ಒಂದು ತಲೆಮಾರಿಗೆ ಹೊರಗಿನ ಒಂದೆರಡು ಹುಲಿ ಬಂದು ಸಂತಾನ ಬಿಟ್ಟರೂ ವೈವಿಧ್ಯ ಬಹುಮಟ್ಟಿಗೆ ಉಳಿಯುತ್ತದೆ. ಅಷ್ಟಕ್ಕೆ ಬೇಕಾದದ್ದು ರಾತ್ರಿ ಹೊತ್ತು ದಾಟಲು ಒಂದು ಮರೆಯ ದಾರಿ. ಅದನ್ನು ರಸ್ತೆ, ಬೇಲಿ, ರೆಸಾರ್ಟ್‌ಗೆ ಬಿಟ್ಟುಕೊಟ್ಟರೆ ಮುಂದೆ ಲಾರಿಯಲ್ಲಿ ಹುಲಿ ಸಾಗಿಸಬೇಕಾಗುತ್ತದೆ.

ನನಗೆ ಬರೆದಿಡುವ ಅಭ್ಯಾಸವಿಲ್ಲ. ಯಾವ ಮೇಕೆ ಯಾವ ಹೋತದ್ದು ಎಂದು ನೆನಪಿಟ್ಟುಕೊಳ್ಳುವುದು ಹೇಗೆ?
– ಮಧುಗಿರಿ

ಬಣ್ಣದಲ್ಲಿ ಗುರುತಿಡಿ. ಈಗಿರುವ ಹೋತಕ್ಕೆ ಒಂದು ಬಣ್ಣ, ಕೆಂಪು ಎನ್ನಿ. ಅದರ ಪ್ರತಿ ಹೆಣ್ಣುಮರಿಗೂ ಹುಟ್ಟಿದ ವಾರದೊಳಗೆ ಕೆಂಪು ಕಿವಿಯೋಲೆ ಹಾಕಿ. ಮುಂದಿನ ಹೋತಕ್ಕೆ ಹಸಿರು. ಹೋತ ಬದಲಿಸಿದ ಮೊದಲ ಐದು ತಿಂಗಳಲ್ಲಿ ಹುಟ್ಟುವ ಮರಿಗಳು ಹಳೆಯದರವೇ, ಅವಕ್ಕೂ ಕೆಂಪೇ ಹಾಕಬೇಕು. ಹೆಚ್ಚಿನವರು ತಪ್ಪುವುದು ಇಲ್ಲಿ. ಕೆಂಪು ಓಲೆಯ ಹೆಣ್ಣು ಬೆದೆಗೆ ಬಂದಾಗ ಕೆಂಪು ಹೋತ ದೊಡ್ಡಿಯಲ್ಲಿ ಇರಬಾರದು. ಓಲೆ ಕಿತ್ತುಹೋಗುವ ಭಯವಿದ್ದರೆ ಕಿವಿಯ ಅಂಚಿನಲ್ಲಿ ಸಣ್ಣ ಕಚ್ಚು: ಈ ಹೋತದ್ದಕ್ಕೆ ಎಡಕಿವಿ, ಮುಂದಿನದಕ್ಕೆ ಬಲಕಿವಿ. ಕಚ್ಚು ಮಾಡಿದ ಜಾಗಕ್ಕೆ ಟಿಂಚರ್ ಅಯೋಡಿನ್ ಹಚ್ಚಿ, ನೊಣ ಕೂರದಂತೆ ಎರಡು ದಿನ ನೋಡಿಕೊಳ್ಳಿ.